ದಫ್ತರ ಒಂದು, ಉತಾರ ಹಲವು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಹೊಲ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಕಾಗದಕ್ಕೆ ಉತಾರ ಎಂದೇ ಹೆಸರು. ಮೈಸೂರು ಕಡೆ ಅದನ್ನು ಪಹಣಿ ಎನ್ನುತ್ತಾರೆ, ಕಂದಾಯ ಇಲಾಖೆ ಆರ್‌ಟಿಸಿ ಎನ್ನುತ್ತದೆ. ಸೊಸೈಟಿಯಲ್ಲಿ ಬೆಳೆಸಾಲ ಎತ್ತಲು, ಅಣ್ಣತಮ್ಮಂದಿರ ಪಾಲು-ವಾಟ್ನಿಗೆ, ಹೊಲದ ಮಾರಾಟಕ್ಕೆ, ಕೋರ್ಟಿನ ದಾವೆಗೆ, ಎಲ್ಲದಕ್ಕೂ ಉತಾರ ಬೇಕು. ಆದರೆ ಹೊಲದ ಲೆಕ್ಕ ನಿಂತಿರುವುದು ಆ ಕಾಗದದ ಮೇಲಲ್ಲ. ಲೆಕ್ಕ ಇರುವುದು ಊರಿನ ಮೂಲ ಪುಸ್ತಕಗಳಲ್ಲಿ, ಅಂದರೆ ದಫ್ತರದಲ್ಲಿ. ಅದನ್ನು ಒಂದು ದಿನ, ಒಂದು ಕೆಲಸಕ್ಕಾಗಿ ತೆಗೆದು ತೋರಿಸಿದ ನೋಟವೇ ಉತಾರ. ಉತಾರ ಹರಿದರೆ ಇನ್ನೊಂದನ್ನು ತೆಗೆಸಬಹುದು. ದಫ್ತರ ಕೆಟ್ಟರೆ ಹೊಲವೇ ಕೈತಪ್ಪಬಹುದು.

ಮಾಹಿತಿಯ ಮಾದರಿ ಬೇರೆ, ಅದನ್ನು ಬಳಕೆದಾರನಿಗೆ ತೋರಿಸುವ ಪರದೆ ಬೇರೆ ಎಂಬ ತತ್ವಕ್ಕೆ ಆಬ್ಜೆಕ್ಟ್ ಆಧಾರಿತ ಸಾಫ್ಟ್‌ವೇರ್ ವಿನ್ಯಾಸದಲ್ಲಿ ಹೆಸರು ಬಂದದ್ದು 1970ರ ದಶಕದ ಕೊನೆಯಲ್ಲಿ. ಬೆಳಗಾವಿ ಜಿಲ್ಲೆಯ ಭೂದಾಖಲೆಗಳು ಕಾಗದದ ಕಾಲದಲ್ಲೇ ಈ ತತ್ವವನ್ನು ಬಹುಮಟ್ಟಿಗೆ ಪಾಲಿಸಿದ್ದವು. ನಡುವೆ ಅದು ಸಡಿಲಾಯಿತು. ಕಂಪ್ಯೂಟರ್ ಬಂದ ಮೇಲೆ ಅದನ್ನು ಕಷ್ಟಪಟ್ಟು ಮರಳಿ ಕಟ್ಟಬೇಕಾಯಿತು.

ಪೇಶ್ವೆಯರ ಆಳ್ವಿಕೆ ಮುಗಿದು 1818ರಲ್ಲಿ ಈ ಪ್ರದೇಶ ಕಂಪನಿ ಸರಕಾರದ ಕೈಗೆ ಬಂದಾಗ, ಊರಿನ ಲೆಕ್ಕವೆಲ್ಲ ವಂಶಪಾರಂಪರ್ಯವಾಗಿ ಹುದ್ದೆ ಪಡೆದ ವತನದಾರ ಕುಲಕರ್ಣಿಯ ಬಳಿ ಇತ್ತು. ಗೌಡ ವಸೂಲಿ ನೋಡಿಕೊಂಡರೆ ಕುಲಕರ್ಣಿ ಬರೆದಿಡುತ್ತಿದ್ದ. ಬಟ್ಟೆಯಲ್ಲಿ ಸುತ್ತಿ ಕಟ್ಟಿದ ಕಾಗದಗಳ ಆ ಗಂಟೇ ದಫ್ತರ, ಮತ್ತು ಅದು ಅವನ ಮನೆಯಲ್ಲೇ ಇರುತ್ತಿತ್ತು. ಮರಾಠಾ ಆಡಳಿತದ ಲೆಕ್ಕಪತ್ರಗಳು ಮೋಡಿ ಲಿಪಿಯಲ್ಲಿದ್ದುದರಿಂದ ಓದಬಲ್ಲವರು ಕೆಲವರೇ. ಹೀಗಾಗಿ ಲೆಕ್ಕವನ್ನು ಇಟ್ಟುಕೊಳ್ಳುವುದು, ತೋರಿಸುವುದು, ತಿದ್ದುವುದು ಮೂರೂ ಒಂದೇ ಮನೆತನದ ಕೆಲಸವಾಗಿತ್ತು. ಕುಲಕರ್ಣಿ ಪ್ರಾಮಾಣಿಕನಾಗಿದ್ದ ಊರಿನಲ್ಲಿ ವ್ಯವಸ್ಥೆ ಚೆನ್ನಾಗಿ ನಡೆಯಿತು. ಇಲ್ಲದ ಊರಿನಲ್ಲಿ ರೈತನಿಗೆ ತಾಳೆ ನೋಡಲು ಎರಡನೆಯ ದಾರಿ ಇರಲಿಲ್ಲ.

ಆ ಎರಡನೆಯ ದಾರಿ ತೆರೆದದ್ದು ಸರ್ವೆ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1830ರ ದಶಕದಲ್ಲಿ ಪುಣೆಯ ಇಂದಾಪುರದಲ್ಲಿ ರೂಢಿಗೆ ತಂದ ಮುಂಬಯಿ ಸರ್ವೆ ಪದ್ಧತಿ ಶತಮಾನದ ನಡುಭಾಗದಲ್ಲಿ ಬೆಳಗಾವಿ ಜಿಲ್ಲೆಗೂ ಬಂತು. ಪದ್ಧತಿಯ ನಿಯಮಗಳನ್ನು 1847ರ ಜಂಟಿ ವರದಿ ಗಟ್ಟಿಗೊಳಿಸಿತು. ಪ್ರತಿ ಹೊಲಕ್ಕೂ ಬಾಂದುಕಲ್ಲು ನೆಟ್ಟು, ಸರಪಳಿ ಹಿಡಿದು ಅಳೆದು, ಊರಿನ ಮಟ್ಟಿಗೆ ಒಂದು ಸರ್ವೆ ನಂಬರ್ ಕೊಡಲಾಯಿತು. ಅಳತೆಯ ಮಾನ ಎಕರೆ, ಗುಂಟೆ, ಆಣೆ: ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 16 ಆಣೆ. 33 ಅಡಿ ಚೌಕವೇ ಒಂದು ಗುಂಟೆ. ಮಣ್ಣಿನ ಗುಣವನ್ನೂ ಆಣೆಯಲ್ಲೇ ತೂಗಿ ಆಕಾರ, ಅಂದರೆ ಹೊಲದ ಕಂದಾಯ, ಕಟ್ಟಲಾಗುತ್ತಿತ್ತು, ಆ ಆಕಾರ ಸಾಮಾನ್ಯವಾಗಿ 30 ವರ್ಷ ಬದಲಾಗುತ್ತಿರಲಿಲ್ಲ.

ಈ ಪದ್ಧತಿಯ ಜಾಣ್ಮೆ ಮಾಲೀಕನಿಂದ ಹೊಲವನ್ನು ಬಿಡಿಸಿ ನೋಡಿದ್ದರಲ್ಲಿದೆ. ಹೊಲದ ಮೂಲ ಗುರುತು ಸರ್ವೆ ನಂಬರ್. ಅದರ ಒಡೆಯ ಆ ಗುರುತಿಗೆ ಅಂಟಿಸಿದ ಒಂದು ಸಂಗತಿ, ಇಂದು ಒಬ್ಬ, ನಾಳೆ ಇನ್ನೊಬ್ಬ. ಹೊಲದ ಆಕೃತಿ ಮತ್ತು ಅಳತೆ ಟಿಪ್ಪಣಿಯಲ್ಲಿ, ವಿಸ್ತೀರ್ಣ ಮತ್ತು ಆಕಾರ ಆಕಾರಬಂದದಲ್ಲಿ, ಊರಿನ ನಕ್ಷೆ ಬೇರೆ ಹಾಳೆಯಲ್ಲಿ. ಒಂದೊಂದು ಸಂಗತಿ ಒಂದೊಂದು ಕಡೆ ನಿಂತು, ಎಲ್ಲವನ್ನೂ ಸರ್ವೆ ನಂಬರ್ ಕೂಡಿಸುತ್ತಿತ್ತು. ಇಂದಿನ ಡೇಟಾಬೇಸ್ ವಿನ್ಯಾಸಕಾರ ಇದನ್ನು ಕಂಡರೆ ತನ್ನದೇ ಕಸುಬಿನ ಕೆಲಸವೆಂದು ಗುರುತಿಸುತ್ತಾನೆ.

ಹಕ್ಕಿನ ಲೆಕ್ಕ ಮಾತ್ರ ಇನ್ನೂ ಸಡಿಲಾಗಿತ್ತು. ಸರ್ವೆ ಪುಸ್ತಕಗಳು ಕಂದಾಯ ಯಾರಿಂದ ಬರಬೇಕು ಎಂದು ಹೇಳುತ್ತಿದ್ದವೇ ಹೊರತು ಅಡವು, ಪಾಲು, ಗೇಣಿ ಯಾವುದನ್ನೂ ಹೇಳುತ್ತಿರಲಿಲ್ಲ. ಈ ಕೊರತೆಯನ್ನು ತುಂಬಲು ಮುಂಬಯಿ ಸರಕಾರ 1903ರಲ್ಲಿ ಹಕ್ಕುದಾಖಲೆಯ ಕಾಯ್ದೆ ತಂದಿತು. ಹತ್ತು ವರ್ಷಗಳ ನಂತರ, 1913ರಲ್ಲಿ, ಅದನ್ನು 1879ರ ಭೂಕಂದಾಯ ಸಂಹಿತೆಯೊಳಗೇ ಒಂದು ಅಧ್ಯಾಯವಾಗಿ ಸೇರಿಸಿತು. ಆಂಡರ್ಸನ್ ಎಂಬ ಅಧಿಕಾರಿ ಸಿದ್ಧಪಡಿಸಿದ ಕಂದಾಯ ಲೆಕ್ಕಗಳ ಕೈಪಿಡಿ ಪ್ರತಿ ಊರಿನಲ್ಲಿ ಇರಬೇಕಾದ ಪುಸ್ತಕಗಳಿಗೆ ನಂಬರ್ ಕೊಟ್ಟು ನಮೂನೆ ಗೊತ್ತುಮಾಡಿತು.

ಆ ನಮೂನೆಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ವಿಷಯದ ತಿರುಳು ಇರುವುದು ಅಲ್ಲೇ. 7ನೆಯ ನಮೂನೆ ಹಕ್ಕುದಾಖಲೆ: ಸರ್ವೆ ನಂಬರ್ ಹಿಡಿದು ಹೋದರೆ ಆ ಹೊಲದಲ್ಲಿ ಯಾರಿಗೆ ಏನು ಹಕ್ಕು ಎಂದು ತೋರಿಸುತ್ತದೆ. 12ನೆಯದು ಬೆಳೆಯ ಪುಸ್ತಕ: ಆ ವರ್ಷ ಅಲ್ಲಿ ಏನು ಬಿತ್ತಿದರು, ಎಷ್ಟು ಗುಂಟೆ ಬೀಳುಬಿತ್ತು. ಎರಡನ್ನೂ ಒಂದೇ ಹಾಳೆಯಲ್ಲಿ ತೆಗೆದುಕೊಟ್ಟದ್ದೇ ಮಹಾರಾಷ್ಟ್ರದಲ್ಲಿ ಇಂದಿಗೂ ನಡೆಯುತ್ತಿರುವ ಸಾತ್-ಬಾರಾ ಉತಾರ. 8-ಎ ನಮೂನೆ ಅದೇ ಮಾಹಿತಿಯನ್ನು ತಿರುಗಿಸಿ ಹಿಡಿಯುತ್ತದೆ: ಹೊಲದಿಂದಲ್ಲ, ಖಾತೆದಾರನಿಂದ ಹೊರಟು ಅವನ ಹೆಸರಿನಲ್ಲಿ ಯಾವ ಯಾವ ಸರ್ವೆ ನಂಬರುಗಳಿವೆ, ಒಟ್ಟು ಕಂದಾಯ ಎಷ್ಟು ಎಂದು ಹೇಳುತ್ತದೆ. ಹೊಲ ಕೊಳ್ಳುವವನಿಗೆ ಮೊದಲನೆಯ ನೋಟ ಬೇಕು, ಕಂದಾಯ ವಸೂಲಿ ಮಾಡುವವನಿಗೆ ಎರಡನೆಯದು. ಮಾಹಿತಿ ಒಂದೇ.

ಇನ್ನು ಉಳಿದದ್ದು 6ನೆಯ ನಮೂನೆ, ಹಕ್ಕುಬದಲಾವಣೆಯ ಪುಸ್ತಕ. ಖರೀದಿಯಾಗಲಿ, ವಾರಸಾ ಆಗಲಿ, ವಾಟ್ನಿಯಾಗಲಿ, ಯಾವ ಬದಲಾವಣೆಯೂ ನೇರವಾಗಿ 7ನೆಯ ನಮೂನೆಗೆ ಹೋಗುವಂತಿರಲಿಲ್ಲ. ಮೊದಲು 6ರಲ್ಲಿ ಕ್ರಮಸಂಖ್ಯೆ ಹಾಕಿ ಬರೆಯಬೇಕು, ಸಂಬಂಧಪಟ್ಟವರಿಗೆ ನೋಟಿಸು ಹೋಗಬೇಕು, ತಕರಾರು ಇದ್ದರೆ ಕೇಳಬೇಕು, ಮೇಲಿನ ಅಧಿಕಾರಿ ಪ್ರಮಾಣೀಕರಿಸಬೇಕು. ಆಮೇಲೆ ಹಕ್ಕುದಾಖಲೆ ಬದಲಾಗಬೇಕು. ದಾಖಲೆಯ ಒಂದೊಂದು ಸಾಲಿನ ಹಿಂದೆಯೂ ಅದನ್ನು ತಂದ ಬದಲಾವಣೆಯ ನಂಬರ್ ಇರುತ್ತಿದ್ದುದರಿಂದ, ಮೂರು ತಲೆಮಾರು ಹಿಂದಕ್ಕೆ ಹೋಗಿ ಹೊಲ ಹೇಗೆ ಕೈಬದಲಾಯಿತು ಎಂದು ನೋಡಬಹುದಿತ್ತು. ಇರಿಸುವ ಜಾಗ, ತೋರಿಸುವ ಬಗೆ, ತಿದ್ದುವ ದಾರಿ ಈ ಮೂರನ್ನೂ ಬೇರೆ ಮಾಡಿದ ಈ ಏರ್ಪಾಡು ನಮ್ಮ ನಾಡಿನ ಆಡಳಿತದ ಇತಿಹಾಸದಲ್ಲಿ ಸಿಗಬೇಕಾದಷ್ಟು ಗೌರವವನ್ನು ಪಡೆದಿಲ್ಲ.

ಕಂಪ್ಯೂಟರ್ ಲೋಕ ಈ ಮೂರು ಬೇರ್ಪಡೆಗಳಿಗೆ ತನ್ನದೇ ದಾರಿಯಿಂದ ಬಂತು. ಆಬ್ಜೆಕ್ಟ್ ಎಂಬ ಕಲ್ಪನೆಗೆ ಪ್ರೋಗ್ರಾಮಿಂಗ್ ಭಾಷೆಯ ರೂಪ ಕೊಟ್ಟವರು ನಾರ್ವೆಯ ಓಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟೆನ್ ನ್ಯೂಗಾರ್ಡ್, 1960ರ ದಶಕದಲ್ಲಿ, ಸಿಮ್ಯುಲಾ ಭಾಷೆಯ ಮೂಲಕ. ಅದೇ ದೇಶದ ಟ್ರಿಗ್ವೆ ರೀನ್‌ಸ್ಕೌಗ್ ಹಡಗು ಕಟ್ಟುವವರಿಗಾಗಿ ಸಾಫ್ಟ್‌ವೇರ್ ಬರೆಯುತ್ತಿದ್ದವರು. ದೊಡ್ಡ ಹಡಗಿನ ಯೋಜನೆಯಲ್ಲಿ ಸಾವಿರಾರು ಕೆಲಸಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಒಬ್ಬನಿಗೆ ಅದು ಜಾಲದಂಥ ಚಿತ್ರವಾಗಿ ಬೇಕು, ಇನ್ನೊಬ್ಬನಿಗೆ ದಿನಗಳ ಪಟ್ಟಿಯಾಗಿ, ಮತ್ತೊಬ್ಬನಿಗೆ ಆಳುಗಳ ಲೆಕ್ಕವಾಗಿ. ಒಂದೊಂದು ನೋಟಕ್ಕೂ ಮಾಹಿತಿಯನ್ನು ಮತ್ತೆ ಮತ್ತೆ ನಕಲು ಮಾಡಿದರೆ ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆ ಉಳಿಯುತ್ತದೆ.

ರೀನ್‌ಸ್ಕೌಗ್ 1978–79ರಲ್ಲಿ ಅಮೆರಿಕದ ಝೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರಕ್ಕೆ ಅತಿಥಿಯಾಗಿ ಹೋದರು. ಅಲನ್ ಕೇ, ಡ್ಯಾನ್ ಇಂಗಾಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮುಂತಾದವರು ಸ್ಮಾಲ್‌ಟಾಕ್ ಭಾಷೆಯನ್ನು ಕಟ್ಟುತ್ತಿದ್ದ ಜಾಗ ಅದು. 1979ರ ಮೇ 12ರ ಟಿಪ್ಪಣಿಯೊಂದರಲ್ಲಿ ಅವರು ತಮ್ಮ ವಿಚಾರದ ಮೊದಲ ರೂಪವನ್ನು ಬರೆದರು. ಅದೇ ವರ್ಷ ಡಿಸೆಂಬರ್ 10ರ ಟಿಪ್ಪಣಿಯಲ್ಲಿ ಅದು ಮಾಡೆಲ್, ವ್ಯೂ, ಕಂಟ್ರೋಲರ್ ಎಂಬ ಹೆಸರು ಪಡೆಯಿತು. ಮಾಡೆಲ್ ಎಂದರೆ ವಿಷಯದ ತಿಳಿವಳಿಕೆ, ವ್ಯೂ ಅದರ ಒಂದು ನೋಟ, ಕಂಟ್ರೋಲರ್ ಬಳಕೆದಾರನ ಕೈಯಿಂದ ಬಂದ ಸೂಚನೆಯನ್ನು ಒಳಗೆ ತಲುಪಿಸುವ ಭಾಗ. 1988ರಲ್ಲಿ ಕ್ರಾಸ್ನರ್ ಮತ್ತು ಪೋಪ್ ಬರೆದ ಲೇಖನ ಈ ವಿನ್ಯಾಸವನ್ನು ಕೇಂದ್ರದ ಗೋಡೆಯಾಚೆಗೆ ಹಬ್ಬಿಸಿತು. ಮುಂದೆ ವೆಬ್ ಬಂದಾಗ ಬಹುಪಾಲು ಚೌಕಟ್ಟುಗಳು ಇದೇ ಅಚ್ಚಿನಲ್ಲಿ ತಯಾರಾದವು.

ಇಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ಮಾಡೆಲ್‌ಗೆ ತನ್ನನ್ನು ಯಾರು, ಯಾವ ರೂಪದಲ್ಲಿ ತೋರಿಸುತ್ತಿದ್ದಾರೆ ಎಂಬುದು ಗೊತ್ತಿರಬಾರದು. ಅದು ಬದಲಾದಾಗ ತಾನು ಬದಲಾಗಿದ್ದೇನೆ ಎಂದಷ್ಟೇ ಸಾರುತ್ತದೆ. ನೋಡುತ್ತಿರುವ ನೋಟಗಳೆಲ್ಲ ಆ ಮಾತು ಕೇಳಿ ತಮ್ಮನ್ನು ತಾವೇ ಹೊಸದಾಗಿ ಬರೆದುಕೊಳ್ಳುತ್ತವೆ. ಹೀಗಿದ್ದರೆ ಪರದೆಯನ್ನು ಕಿತ್ತು ಬೇರೆ ಪರದೆ ಹಾಕಿದರೂ ಒಳಗಿನ ಲೆಕ್ಕ ಅಲುಗುವುದಿಲ್ಲ. ಕಾಗದದ ದಫ್ತರಕ್ಕೂ ಈ ವಿನ್ಯಾಸಕ್ಕೂ ಹೋಲಿಕೆ ಪೂರ್ತಿಯಲ್ಲ. 6ನೆಯ ನಮೂನೆ ತಕರಾರು ಕೇಳಿ ತೀರ್ಮಾನಿಸುವ ವಿಧಾನ. ಸ್ಮಾಲ್‌ಟಾಕ್‌ನ ಕಂಟ್ರೋಲರ್ ಕೀಲಿ ಒತ್ತಿದ್ದನ್ನು ದಾಟಿಸುವ ಸಣ್ಣ ಭಾಗ. ಇನ್ನೂ ಮುಖ್ಯವಾದ ಅಂತರ ಎಂದರೆ ಕೈಬರಹದ ಉತಾರಕ್ಕೆ ದಫ್ತರ ಬದಲಾದ ಸುದ್ದಿ ತಲುಪುವುದೇ ಇಲ್ಲ. ಹೋದ ವರ್ಷದ ಉತಾರ ಹೋದ ವರ್ಷದ ಮಾತನ್ನೇ ಆಡುತ್ತಿರುತ್ತದೆ. ಹಳೆಯ ಕಾಗದ ತೋರಿಸಿ ಮಾರಿದ ಹೊಲವನ್ನೇ ಮತ್ತೆ ಮಾರುವ ಮೋಸಕ್ಕೆ ಈ ಬಿರುಕೇ ದಾರಿ.

ಕಂಪ್ಯೂಟರ್ ಲೋಕದ ಈ ಬೆಳವಣಿಗೆಗೂ ಮೊದಲೇ ಬೆಳಗಾವಿಯಲ್ಲಿ ದಫ್ತರ ಕೈಬದಲಾಗಿತ್ತು. 1950ರ ಮುಂಬಯಿ ಕಾಯ್ದೆ ಕುಲಕರ್ಣಿ ವತನಗಳನ್ನು ರದ್ದುಮಾಡಿತು, 1951ರ ಮೇ 1ರಿಂದ ಅದು ಜಾರಿಗೆ ಬಂತು; ಪುಸ್ತಕಗಳು ಸಂಬಳದ ತಲಾಠಿಯ, ಅಂದರೆ ಗ್ರಾಮಲೆಕ್ಕಿಗನ, ಕೈಗೆ ಹೋದವು. 1956ರ ನವೆಂಬರ್ 1ರಂದು ಚಂದಗಡ ತಾಲ್ಲೂಕನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು, ಹಳೆಯ ಮೈಸೂರು, ಎಲ್ಲ ಕಡೆಯ ಬೇರೆ ಬೇರೆ ಪುಸ್ತಕಗಳನ್ನು ಒಂದು ಮಾಡುವ ಹೊಣೆ ಹೊಸ ರಾಜ್ಯದ ಮೇಲೆ ಬಿತ್ತು. 1964ರ ಭೂಕಂದಾಯ ಕಾಯ್ದೆ ಮತ್ತು 1966ರ ನಿಯಮಗಳು ಅದನ್ನು ನೆರವೇರಿಸಿದವು. ಹಕ್ಕು, ಗೇಣಿ, ಬೆಳೆ ಮೂರೂ ಒಂದೇ ಹಾಳೆಗೆ ಬಂದು ಆರ್‌ಟಿಸಿ ಆಯಿತು. ಅದರ 9ನೆಯ ಕಾಲಂ ಕಬ್ಜೆದಾರನ ಹೆಸರು, 10ನೆಯದು ಹಕ್ಕು ಬಂದ ಬಗೆ, 11ನೆಯದು ಋಣ ಮತ್ತು ಇತರ ಹಕ್ಕು, 12ನೆಯದು ಸಾಗುವಳಿ ಮತ್ತು ಬೆಳೆ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂದಾಗ ಗೇಣಿದಾರನೆಂದು ಸಾಬೀತುಪಡಿಸಲು ಇದೇ 12ನೆಯ ಕಾಲಂ ಎಷ್ಟೋ ಕುಟುಂಬಗಳ ಬಾಳನ್ನು ನಿರ್ಧರಿಸಿತು.

ಹಾಳೆ ಒಂದಾದದ್ದು ಅನುಕೂಲವೇ. ಆದರೆ ಅದರೊಂದಿಗೆ ಹಳೆಯ ಶಿಸ್ತು ಸಡಿಲಾಯಿತು. ರೈತ ಕಾಣುತ್ತಿದ್ದುದು ಗ್ರಾಮಲೆಕ್ಕಿಗ ಕೈಯಿಂದ ಬರೆದುಕೊಟ್ಟ ಪ್ರತಿಯನ್ನು ಮಾತ್ರ. ಮೂಲ ಪುಸ್ತಕವೂ ಆ ಲೆಕ್ಕಿಗನ ಬಳಿಯೇ. ರಾಜ್ಯದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರಿದ್ದರು, ಒಬ್ಬೊಬ್ಬರ ಕೈಯಲ್ಲಿ ಕೆಲವು ಊರುಗಳು. ವಾರಸಾ ಹಾಕಿಸಲು ಅರ್ಜಿ ಕೊಟ್ಟು ವರ್ಷಗಟ್ಟಲೆ ಕಾಯಬೇಕಾದ, ಉತಾರಕ್ಕೆ ಕೈಬಿಸಿ ಮಾಡಬೇಕಾದ ಸ್ಥಿತಿ ಸಾಮಾನ್ಯವಾಯಿತು. ಮಾಹಿತಿ, ನೋಟ, ತಿದ್ದುವ ಅಧಿಕಾರ ಮತ್ತೆ ಒಂದೇ ಕೈಗೆ ಬಂದದ್ದರ ಫಲ ಇದು. ಕುಲಕರ್ಣಿಯ ಕಾಲದ ಕೊರತೆ ಬೇರೆ ಹೆಸರಿನಲ್ಲಿ ಹಿಂತಿರುಗಿತ್ತು.

ಕೇಂದ್ರ ಸರಕಾರ 1988–89ರಲ್ಲಿ ಭೂದಾಖಲೆಗಳ ಗಣಕೀಕರಣ ಯೋಜನೆ ಆರಂಭಿಸಿತು. ಕರ್ನಾಟಕದಲ್ಲಿ ಅದಕ್ಕೆ ನಿಜವಾದ ಜೀವ ಬಂದದ್ದು ‘ಭೂಮಿ’ ಯೋಜನೆಯಲ್ಲಿ, 2000ದ ಆಸುಪಾಸಿನಲ್ಲಿ. ರಾಜೀವ್ ಚಾವ್ಲಾ ಅದರ ಮುಂದಾಳು. ತಂತ್ರಾಂಶ ಕಟ್ಟಿದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತುಂಬಿ, ತಾಲ್ಲೂಕು ಕಚೇರಿಗಳಲ್ಲಿ ಕೇಂದ್ರ ತೆರೆದು, 15 ರೂಪಾಯಿಗೆ ಒಂದು ಪ್ರತಿ ಕೊಡಲಾಯಿತು. ಗೋಕಾಕ ಮತ್ತು ಹುಕ್ಕೇರಿ ಕಚೇರಿಗಳಲ್ಲೂ ಹೀಗೆಯೇ. ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಹೋಯಿತು. ಈ ಒಂದು ತೀರ್ಮಾನ ಯೋಜನೆಯ ಎಲ್ಲ ಯಂತ್ರಗಳಿಗಿಂತ ದೊಡ್ಡದು. ಕೈಬರಹವನ್ನೂ ಜೊತೆಗೇ ಉಳಿಸಿದ್ದರೆ ಎರಡು ದಫ್ತರಗಳಾಗಿ, ಯಾವುದು ನಿಜ ಎಂಬ ಜಗಳಕ್ಕೆ ಕೊನೆ ಇರುತ್ತಿರಲಿಲ್ಲ.

ತಿದ್ದುವ ದಾರಿಯೂ ಬೇರೆಯಾಯಿತು. ಹಕ್ಕುಬದಲಾವಣೆಯ ಅರ್ಜಿಗೆ ಗಣಕದಲ್ಲೇ ಸಂಖ್ಯೆ, ಮೊದಲು ಬಂದದ್ದು ಮೊದಲು ಎಂಬ ಸರದಿ, ನೋಟಿಸು, ತಕರಾರಿಗೆ ಆಗ 30 ದಿನದ ಅವಧಿ, ಕೊನೆಗೆ ಅಧಿಕಾರಿಯ ಮಂಜೂರಾತಿ. ಯಾರು ಯಾವಾಗ ಏನು ತಿದ್ದಿದರೆಂಬುದು ಗೊತ್ತಾಗುವಂತೆ ಸಿಬ್ಬಂದಿಯ ಬೆರಳಚ್ಚನ್ನು ಪ್ರವೇಶದ ಕೀಲಿಯಾಗಿಸಲಾಯಿತು. ಪ್ರತಿಯನ್ನು ಅಚ್ಚುಹಾಕುವ ಕಿಟಕಿಯಿಂದ ದಾಖಲೆ ತಿದ್ದಲು ಬರುವುದಿಲ್ಲ. ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶದೊಂದಿಗೆ ಭೂಮಿ ಜೋಡಿಯಾದ ಮೇಲೆ ಖರೀದಿಪತ್ರ ನೋಂದಣಿಯಾದ ಸುದ್ದಿ ತಾಲ್ಲೂಕು ಕಚೇರಿಗೆ ಗಣಕದ ಮೂಲಕವೇ ಮುಟ್ಟತೊಡಗಿತು. ಆ ಸುದ್ದಿ ಹೊತ್ತ ಕಾಗದದ ಜೆ-ಸ್ಲಿಪ್ಪು ಟಪಾಲಿನಲ್ಲಿ ಕಳೆದುಹೋಗಿ ಹಕ್ಕುಬದಲಾವಣೆ ನಿಂತುಬಿಡುತ್ತಿದ್ದ ಕಾಲ ಹಿಂದೆ ಸರಿಯಿತು.

ಇದೇ ವರ್ಷಗಳಲ್ಲಿ ಕನ್ನಡ ಅಕ್ಷರವೇ ಇಂಥದೊಂದು ಬೇರ್ಪಡೆಯನ್ನು ಎದುರಿಸುತ್ತಿತ್ತು. ನುಡಿ, ಬರಹ ಮುಂತಾದ ತಂತ್ರಾಂಶಗಳ ಆರಂಭದ ಫಾಂಟುಗಳು ಅಕ್ಷರದ ಆಕಾರದ ತುಂಡುಗಳಿಗೆ ಸಂಕೇತ ಕೊಟ್ಟಿದ್ದವು. ತಲೆಕಟ್ಟು, ಕೊಂಬು, ಒತ್ತುಗಳು ಪ್ರತ್ಯೇಕ ತುಂಡುಗಳಾಗಿ ಕಡತದಲ್ಲಿ ಕೂರುತ್ತಿದ್ದವು. ಅಂದರೆ ತೋರುವ ರೂಪವೇ ಉಳಿಸುವ ಮಾಹಿತಿ. ಫಾಂಟು ಬದಲಾದರೆ ಬರಹವೆಲ್ಲ ಅರ್ಥವಿಲ್ಲದ ಗುರುತುಗಳಾಗುತ್ತಿತ್ತು, ಅಕಾರಾದಿಯಾಗಿ ಜೋಡಿಸುವುದೂ ಹೆಸರು ಹುಡುಕುವುದೂ ಕಷ್ಟವಾಗಿತ್ತು. ಯೂನಿಕೋಡ್ ಅಕ್ಷರವನ್ನು ಮಾತ್ರ ಉಳಿಸಿ ಆಕಾರವನ್ನು ಫಾಂಟಿಗೆ ಬಿಡುತ್ತದೆ: ‘ಕ್ಷ’ ಎಂಬುದು ಕಡತದಲ್ಲಿ ಕ, ಹಲಂತ, ಷ ಎಂಬ ಮೂರು ಸಂಕೇತ, ಪರದೆಯ ಮೇಲೆ ಒಂದೇ ಆಕೃತಿ. ಒಂದು ಊರಿನಲ್ಲಿ ಒಂದೇ ಹೆಸರಿನ ಹತ್ತು ಜನರಿರುವ ನಾಡಿನಲ್ಲಿ ಹೆಸರನ್ನು ಸರಿಯಾಗಿ ಹುಡುಕಬಲ್ಲ ಲಿಪಿವ್ಯವಸ್ಥೆ ಭೂದಾಖಲೆಗೆ ಅಲಂಕಾರವಲ್ಲ, ಅಗತ್ಯ.

ನೋಟವನ್ನು ಎಷ್ಟು ಚೆಂದ ಮಾಡಿದರೂ ಒಳಗಿನ ಲೆಕ್ಕದ ತಪ್ಪು ಹೋಗುವುದಿಲ್ಲ ಎಂಬುದಕ್ಕೆ ‘ಪೈಕಿ’ ನಂಬರುಗಳೇ ಸಾಕ್ಷಿ. ಒಂದು ಸರ್ವೆ ನಂಬರಿನಲ್ಲಿ ನಾಲ್ವರು ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡು, ಪೋಡಿ (ಅಳೆದು ಪಾಲು ಬೇರ್ಪಡಿಸುವ ಕೆಲಸ) ಮಾಡಿಸದೆ, ಒಬ್ಬೊಬ್ಬರೂ ತಮ್ಮ ಪಾಲನ್ನು ದಾಖಲೆಯಲ್ಲಿ ಮಾತ್ರ ಸೇರಿಸಿಕೊಂಡಿರುತ್ತಾರೆ. ಪಾಲುಗಳ ಮೊತ್ತ ಆಕಾರಬಂದದ ವಿಸ್ತೀರ್ಣವನ್ನು ಮೀರಿದ ಉದಾಹರಣೆಗಳುಂಟು. ಅಚ್ಚಾಗಿ ಬಂದ ಉತಾರ ನೋಡಲು ಸ್ವಚ್ಛ, ಹೊಲದಲ್ಲಿ ಮಾತ್ರ ಬಾಂದು ಎಲ್ಲಿದೆ ಎಂದು ಯಾರಿಗೂ ತಿಳಿಯದು. ಭೂಮಾಪಕ ಬಂದು ಅಳೆದು ಹಿಸ್ಸಾ ನಂಬರ್ ಕೊಡದ ಹೊರತು ಯಾವ ತಂತ್ರಾಂಶವೂ ಇದನ್ನು ಬಗೆಹರಿಸಲಾರದು.

ನೀರು ಬಂದ ಕಡೆ ಮಾಹಿತಿ ಇನ್ನೊಂದು ರೀತಿಯಲ್ಲಿ ಬದಲಾಯಿತು. ಘಟಪ್ರಭೆಗೆ ಗೋಕಾಕದ ಬಳಿಯ ಧೂಪದಾಳದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೇ ಒಡ್ಡು ಕಟ್ಟಲಾಗಿತ್ತು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ 1970ರ ದಶಕದಲ್ಲಿ ಪೂರ್ಣಗೊಂಡಿತು. ಕಾಲುವೆ ಹರಿದ ಕಡೆ ಮಳೆ ನಂಬಿದ ಹೊಲ ಕಬ್ಬಿನ ಹೊಲವಾಯಿತು, ಜಲಾಶಯದ ಅಂಗಳದಲ್ಲಿ ಹೊಲಗಳು ನೀರಿನಡಿ ಸೇರಿದವು. ಸಾಗುವಳಿಯ ಬಗೆ, ಕಬ್ಜೆದಾರ, ಬೆಳೆ ಎಲ್ಲವೂ ಮಾರ್ಪಟ್ಟರೂ ಹೊಲದ ಗುರುತಾಗಿ ನಿಂತದ್ದು ಸರ್ವೆ ನಂಬರೇ.

ತಾಲ್ಲೂಕಿನ ಗಡಿ ಬದಲಾದಾಗಲೂ ಹೀಗೆಯೇ ಆಯಿತು. 1884ರ ಮುಂಬಯಿ ಗೆಜೆಟಿಯರ್‌ನ ಬೆಳಗಾವಿ ಸಂಪುಟ ಎಣಿಸುವ ಏಳು ತಾಲ್ಲೂಕುಗಳಲ್ಲಿ ಗೋಕಾಕ ಇದೆ, ಹುಕ್ಕೇರಿ ಇಲ್ಲ. ಅದಾಗ ಚಿಕ್ಕೋಡಿ ತಾಲ್ಲೂಕಿನ ಭಾಗ. ಹುಕ್ಕೇರಿ ಬೇರೆ ತಾಲ್ಲೂಕಾದದ್ದು ಆಮೇಲೆ. ಮೂಡಲಗಿ ಗೋಕಾಕದಿಂದ ಬೇರ್ಪಟ್ಟದ್ದು ತೀರ ಈಚೆಗೆ, ಕಳೆದ ದಶಕದಲ್ಲಿ, ಜನರ ಹೋರಾಟದ ಬಳಿಕ. ಕಲ್ಲೋಳಿ, ನಾಗನೂರ, ಕುಲಗೋಡ, ಅರಭಾವಿಗಳ ರೈತರ ಹಳೆಯ ಕಾಗದಗಳಲ್ಲಿ ತಾಲ್ಲೂಕು ಗೋಕಾಕ ಎಂದೇ ಇದೆ. ಭೂಮಿಯ ಪರದೆಯಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಎಂಬ ಕ್ರಮದಲ್ಲಿ ಆರಿಸಿಕೊಂಡು ಹೋಗಬೇಕು. ಹೊಸ ತಾಲ್ಲೂಕಾದರೆ ಆರಿಸುವ ದಾರಿ ಬದಲಾಗುತ್ತದೆ. ಆದರೆ ಸರ್ವೆ ನಂಬರನ್ನು ಎಣಿಸಿದ್ದು ಊರಿನ ಮಟ್ಟಿಗೆ, ತಾಲ್ಲೂಕಿನ ಮಟ್ಟಿಗಲ್ಲ. ಊರು ಯಾವ ಕಚೇರಿಯ ಕೆಳಗೆ ಹೋದರೂ ಅದರ ಹೊಲಗಳನ್ನು ಹೊಸದಾಗಿ ಎಣಿಸಬೇಕಾಗಲಿಲ್ಲ. ವಿಂಗೇಟನ ಸರಪಳಿ ಹಿಡಿದವರು ಮುಂದಿನ ಗಡಿಗಳನ್ನು ಊಹಿಸಿರಲಿಲ್ಲ. ಅವರ ಎಣಿಕೆ ಆಡಳಿತದ ರೂಪಕ್ಕೆ ಅಂಟಿಕೊಳ್ಳದ್ದರಿಂದಲೇ ಅದು ಉಳಿಯಿತು.

ಇಂದು ಇದೇ ಮಾಹಿತಿಗೆ ನೋಟಗಳು ಹೆಚ್ಚಿವೆ. ಬ್ಯಾಂಕು ಸಾಲ ಕೊಡುವಾಗ ಅದನ್ನು ನೋಡುತ್ತದೆ, 11ನೆಯ ಕಾಲಂನಲ್ಲಿ ಸಾಲದ ಬೋಜಾ ಏರಿಸುತ್ತದೆ. ಬೆಳೆವಿಮೆಗೂ ಬೆಂಬಲಬೆಲೆಯ ಖರೀದಿಗೂ ಮೊಬೈಲ್ ಆ್ಯಪ್ ಮೂಲಕ ನಡೆಯುವ ಬೆಳೆ ಸಮೀಕ್ಷೆ ಆಧಾರ. ‘ದಿಶಾಂಕ್’ ಆ್ಯಪ್ ನಿಂತ ಜಾಗದ ಸರ್ವೆ ನಂಬರನ್ನು ನಕ್ಷೆಯ ಮೇಲೆ ತೋರಿಸುತ್ತದೆ.

ತಾಲ್ಲೂಕು ಕಚೇರಿಗಳ ದಾಖಲೆ ಕೋಣೆಗಳಲ್ಲಿರುವ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕಾರ್ಯಕ್ರಮವನ್ನು ರಾಜ್ಯ ಸರಕಾರ 2024ರಲ್ಲಿ ಆರಂಭಿಸಿತು. ಗೆದ್ದಲು, ನೀರು, ಕೈಚಳಕಗಳಿಂದ ಕಾಗದವನ್ನು ಕಾಪಾಡಲು ಇದು ಬೇಕಾದ ಕೆಲಸ. ಆದರೆ ಸ್ಕ್ಯಾನ್ ಮಾಡಿದ ಪುಟ ಒಂದು ಚಿತ್ರ. ಅದರಲ್ಲಿರುವ ಹೆಸರು, ಗುಂಟೆ, ಬದಲಾವಣೆಯ ನಂಬರ್ ಯಾವುದನ್ನೂ ಗಣಕ ತಾನಾಗಿ ಅರಿಯದು. ಅವನ್ನು ಓದಿ ಬೇರೆ ಬೇರೆ ಅಂಕಣಗಳಿಗೆ ತುಂಬಿದ ಮೇಲಷ್ಟೇ ಅದು ಹುಡುಕಬಹುದಾದ, ತಾಳೆ ನೋಡಬಹುದಾದ ಮಾಹಿತಿಯಾಗುತ್ತದೆ. ಬೆಳಗಾವಿ ಜಿಲ್ಲೆಯ ಮಟ್ಟಿಗೆ ಆ ಕೆಲಸಕ್ಕೆ ಕನ್ನಡ, ಮರಾಠಿ ಎರಡೂ ಬಲ್ಲವರು ಬೇಕು, ಅತಿ ಹಳೆಯ ಕಾಗದಗಳಿಗೆ ಮೋಡಿ ಓದಬಲ್ಲವರೂ ಬೇಕು.